ಮರವನ್ನು ಕೇಳಿ ಕಡಿದವರು

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರ್ಕಾರದ ವೈದ್ಯ ಭಟ್ಕಳ, ಹೊನ್ನಾವರ, ಕುಮಟೆಯ ದಾರಿ ಹಿಡಿದು ಬಡಗಣಕ್ಕೆ ನಡೆದ. ಈ ಸೀಮೆಯ ಕಾಡಿನ ಬಗ್ಗೆ ಅವನು ಬರೆದಿಟ್ಟದ್ದು ಇದು: ಕಾಡು ಊರದೇವರದು. ಮರ ಕಡಿಯಲು ಊರಗೌಡನ ಅಪ್ಪಣೆ ಬೇಕು. ಅವನೇ ದೇವರ ಪೂಜಾರಿ. ಅಪ್ಪಣೆಗೆ ದುಡ್ಡಿಲ್ಲ. ಕೇಳದೆ ಕಡಿದರೆ ದೇವರು ಮುನಿಯುತ್ತಾನೆ.

ಇದೆಲ್ಲ ಸರ್ಕಾರಕ್ಕೆ ಕಾಡು ಸಿಗದಂತೆ ಹೂಡಿದ ಹೂಟ ಅಂದ ಸಾಹೇಬ. ಬೆಲೆಯಿಲ್ಲದ ಅಪ್ಪಣೆ ಅವನ ಲೆಕ್ಕಕ್ಕೆ ಸಿಗಲಿಲ್ಲ. ಮರಕ್ಕೂ ಒಂದು ಮರ್ಯಾದೆ ಇದೆ, ಕೊಡಲಿ ಎತ್ತುವವನು ಕೇಳಬೇಕು. ಇಷ್ಟೇ ಅಲ್ಲವೇ ಆ ಜನ ಹೇಳಿದ್ದು?

1878ರ ಅರಣ್ಯ ಕಾಯ್ದೆ ಬಂತು. ದೇವರ ಕಾಡು ಸರ್ಕಾರದ ಕಾಡಾಯ್ತು. ಒಂದೆರಡು ವರ್ಷ ಬಿತ್ತಿ ಗುಡ್ಡವನ್ನು ಮತ್ತೆ ಕಾಡಿಗೇ ಬಿಡುತ್ತಿದ್ದ ಕುಮರಿಯವನು ಕಳ್ಳನಾದ. ಅಡಿಕೆ ತೋಟದ ಒಡೆಯರಿಗೆ ಸೊಪ್ಪಿನಬೆಟ್ಟ ದಕ್ಕಿತು.

ಹಳೆಯದೆಲ್ಲ ಚಿನ್ನ ಅಂತ ನಾವು ಹೇಳೋದಿಲ್ಲ. ಊರದೇವರ ಎದುರೂ ಮೇಲುಕೀಳು ಇತ್ತು. ಆದರೂ ಹೊನ್ನಾವರದ ಕರಿಕಾನಿಗೆ ಹೋಗಿ ನೋಡಿ. ಅಮ್ಮನ ಹೆಸರಲ್ಲಿ ಉಳಿದ ಮುಗಿಲೆತ್ತರದ ಮರಗಳು ಇವತ್ತೂ ನಿಂತಿವೆ.

2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ ಸಾಕ್ಷಿ ಕೇಳುತ್ತದೆ. ಬಾಯಿಮಾತಲ್ಲಿ ಮರದ ಅಪ್ಪಣೆ ಬೇಡಿದವರ ಮೊಮ್ಮಕ್ಕಳು ಯಾವ ಕಾಗದ ತರಬೇಕು? ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ ಎಂದು ಆ ಕಾಯ್ದೆಯ ನಿಯಮಗಳಲ್ಲೇ ಇದೆ. ಮೇಷ್ಟ್ರೇ, ಹುಡುಗರೇ, ಮುದುಕರ ಹತ್ತಿರ ಕೂತು ಬರೆದುಕೊಳ್ಳಿ. ಅಂದು ಸಾಹೇಬ ಹೂಟ ಅಂದದ್ದು ಇಂದು ನಮ್ಮ ಸಾಕ್ಷಿಯಾಗಲಿ.