ವಿಡಿಯೊ ಗೇಮ್ ಮತ್ತು ಕಲೆ

ವಿಡಿಯೊ ಗೇಮ್‌ಗಳನ್ನು ಕಲಾಕೃತಿಗಳೆಂದು ಪರಿಗಣಿಸಬೇಕೆ ಅಥವಾ ಕೇವಲ ಮನರಂಜನೆಯ ಸಾಧನಗಳೆಂದು ಕಾಣಬೇಕೆ ಎಂಬುದು ಹಲವು ದಶಕಗಳಿಂದ ನಡೆದುಬಂದಿರುವ ಚರ್ಚೆಯಾಗಿದೆ. ಮೇಲ್ನೋಟಕ್ಕೆ ಇದು ಸೌಂದರ್ಯಮೀಮಾಂಸೆಯ ಪ್ರಶ್ನೆಯಾಗಿ ಕಂಡರೂ, ಆಟಗಳ ಮೇಲಿನ ನಿರ್ಬಂಧ, ಸರ್ಕಾರದ ಮನ್ನಣೆ ಹಾಗೂ ಹಳೆಯ ಆಟಗಳ ಸಂರಕ್ಷಣೆಯ ಮೇಲೆ ಈ ವರ್ಗೀಕರಣವು ನೇರ ಪರಿಣಾಮ ಬೀರಿದೆ.

ವಾದ ಮತ್ತು ಪ್ರತಿವಾದ

ಚಲನಚಿತ್ರ ಮತ್ತು ಸಾಹಿತ್ಯ ಕೃತಿಗಳು ಕರ್ತೃವಿನ ನಿಯಂತ್ರಣದಲ್ಲಿರುತ್ತವೆ, ಆಟಗಳಾದರೋ ಆಡುವವರ ಆಯ್ಕೆಗಳನ್ನು ಅವಲಂಬಿಸುತ್ತವೆ ಎಂದು ಅಮೆರಿಕದ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ 2005ರಲ್ಲಿ ವಾದಿಸಿದರು. 2010ರ ಏಪ್ರಿಲ್‌ನಲ್ಲಿ, ನಿಯಮ, ಅಂಕ, ಗುರಿಗಳನ್ನುಳ್ಳ ಆಟವು ಎಂದಿಗೂ ಕಲೆಯಾಗಲಾರದು ಎಂದರು. ಅದೇ ಜುಲೈನಲ್ಲಿ, ಆಟಗಳನ್ನು ಆಡಿ ನೋಡದೆ ಹಾಗೆ ಹೇಳಬಾರದಾಗಿತ್ತೆಂದು ಒಪ್ಪಿಕೊಂಡರಾದರೂ ಮೂಲ ನಿಲುವನ್ನು ಬಿಡಲಿಲ್ಲ.

ಆಡುವವರ ಆಯ್ಕೆಯೇ ಈ ಮಾಧ್ಯಮದ ವಿಶಿಷ್ಟ ಶಕ್ತಿ ಎಂಬುದು ಪ್ರತಿವಾದ. ಲ್ಯೂಕಸ್ ಪೋಪ್ ರಚಿಸಿದ ‘ಪೇಪರ್ಸ್, ಪ್ಲೀಸ್’ (2013) ಇದಕ್ಕೆ ನಿದರ್ಶನ. ಇದರಲ್ಲಿ ಆಡುವವರು ಕಾಲ್ಪನಿಕ ಸರ್ವಾಧಿಕಾರಿ ರಾಷ್ಟ್ರವೊಂದರ ಗಡಿಠಾಣೆಯ ಅಧಿಕಾರಿಯಾಗಿ ಪ್ರಯಾಣಿಕರ ದಾಖಲೆಗಳನ್ನು ಪರಿಶೀಲಿಸುತ್ತಾರೆ. ಕರುಣೆಯಿಂದ ಮತ್ತೆ ಮತ್ತೆ ನಿಯಮ ಮೀರಿದರೆ ದಂಡ ಬಿದ್ದು, ಮನೆಯವರ ಊಟ, ಔಷಧಕ್ಕೆ ಹಣ ಸಾಲದು. ನಿಯಮ ಪಾಲಿಸಿದರೆ ಗಂಡಹೆಂಡಿರನ್ನು ಅಗಲಿಸಬೇಕಾಗುತ್ತದೆ. ಇಂತಹ ಇಕ್ಕಟ್ಟನ್ನು ಓದಿ ತಿಳಿಯುವುದೇ ಬೇರೆ, ಅದರಲ್ಲಿ ಸಿಲುಕಿ ತಾನೇ ನಿರ್ಧರಿಸುವುದೇ ಬೇರೆ.

ಕಾನೂನಿನ ದೃಷ್ಟಿ

1982ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯವೊಂದು ವಿಡಿಯೊ ಗೇಮ್‌ಗಳನ್ನು ಬರಿಯ ಮನರಂಜನೆಯೆಂದು ಬಗೆದು, ಅವುಗಳಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲವೆಂದಿತು. ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತರಿಗೆ ಮಾರುವುದನ್ನು ನಿಷೇಧಿಸಿ ಕ್ಯಾಲಿಫೋರ್ನಿಯಾ 2005ರಲ್ಲಿ ಮಾಡಿದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 7–2ರ ಬಹುಮತದಿಂದ ರದ್ದುಪಡಿಸಿತು. ಪುಸ್ತಕ, ನಾಟಕ, ಚಲನಚಿತ್ರಗಳಂತೆ ಆಟಗಳೂ ವಿಚಾರಗಳನ್ನು ತಲುಪಿಸುತ್ತವೆ. ರಾಜಕೀಯವನ್ನೂ ಮನರಂಜನೆಯನ್ನೂ ಬೇರ್ಪಡಿಸಹೊರಡುವುದು ಕಷ್ಟವೂ ಅಪಾಯಕರವೂ ಹೌದೆಂದು ತೀರ್ಪು ಹೇಳಿತು.

ಜರ್ಮನಿಯಲ್ಲಿ ಚಲನಚಿತ್ರಗಳು ಕಲೆಯ ಹೆಸರಿನಲ್ಲಿ ನಾಜಿ ಚಿಹ್ನೆಗಳನ್ನು ತೋರಿಸಬಹುದಾಗಿದ್ದರೂ ಆಟಗಳಿಗೆ ಆ ಅವಕಾಶವಿರಲಿಲ್ಲ. ‘ವುಲ್ಫೆನ್‌ಸ್ಟೈನ್ 2’ (2017) ಆಟದ ಜರ್ಮನ್ ಆವೃತ್ತಿಯಲ್ಲಿ ಹಿಟ್ಲರನ ಮೀಸೆಯನ್ನೂ ತೆಗೆಯಲಾಗಿತ್ತು. 2018ರ ಆಗಸ್ಟ್‌ನಿಂದ ಪ್ರತಿಯೊಂದು ಆಟವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ವಿನಾಯಿತಿ ನೀಡುವ ಕ್ರಮ ಜಾರಿಗೆ ಬಂದಿತು.

ಮನ್ನಣೆ ಮತ್ತು ಸಂರಕ್ಷಣೆ

2006ರಲ್ಲಿ ಫ್ರಾನ್ಸ್ ಸರ್ಕಾರ ಜಪಾನಿನ ಶಿಗೆರು ಮಿಯಾಮೊಟೊ ಸೇರಿದಂತೆ ಮೂವರು ಆಟರಚನಕಾರರಿಗೆ ಕಲೆ ಮತ್ತು ಸಾಹಿತ್ಯದ ಗೌರವ ಪದವಿ ನೀಡಿತು. 2012ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯವು ‘ಪ್ಯಾಕ್-ಮ್ಯಾನ್’, ‘ಟೆಟ್ರಿಸ್’ ಸೇರಿ 14 ಆಟಗಳನ್ನು ಸಂಗ್ರಹಿಸಿತು. ಆದರೆ ಅವುಗಳನ್ನು ಸೇರಿಸಿದ್ದು ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗಕ್ಕೆ.

ಹಳೆಯ ಯಂತ್ರಗಳು ಕೆಟ್ಟಂತೆ ಅವುಗಳ ಆಟಗಳೂ ಕಣ್ಮರೆಯಾಗುತ್ತವೆ. 2010ಕ್ಕೆ ಮುನ್ನ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಮಾರಾಟಕ್ಕೆ ಲಭ್ಯವಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್‌ನ 2023ರ ಅಧ್ಯಯನ ತಿಳಿಸಿದೆ. ಇಂತಹ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಗ್ರಂಥಾಲಯಗಳಿಗೆ ಅನುಮತಿ ನೀಡಬೇಕೆಂಬ ಕೋರಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರಲ್ಲಿ ಒಪ್ಪಲಿಲ್ಲ. ಪಡೆದವರು ಅವುಗಳನ್ನು ಮನರಂಜನೆಗಾಗಿ ಆಡಿಯಾರು ಎಂಬುದು ಅದು ನೀಡಿದ ಕಾರಣಗಳಲ್ಲೊಂದು.