ಹದಿಹರೆಯದವರ ಮೇಲೆ ಸಾಮಾಜಿಕ ಜಾಲತಾಣ ಮತ್ತು ಮೊಬೈಲ್ ಬಳಕೆಯ ಪರಿಣಾಮಗಳು

ಹದಿಹರೆಯದವರ ಮೇಲೆ ಸಾಮಾಜಿಕ ಜಾಲತಾಣ ಮತ್ತು ಮೊಬೈಲ್ ಬಳಕೆಯ ಪರಿಣಾಮಗಳು ಶಿಕ್ಷಣ, ಮನೋವಿಜ್ಞಾನ ಹಾಗೂ ಸಾರ್ವಜನಿಕ ಆರೋಗ್ಯ ಕ್ಷೇತ್ರಗಳ ಅಧ್ಯಯನ ವಿಷಯವಾಗಿವೆ. ರಾಯಚೂರು ಜಿಲ್ಲೆಯ ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರಿನಂತಹ ಪ್ರದೇಶಗಳಲ್ಲಿ ದುಡಿಮೆಗಾಗಿ ಗುಳೆ ಹೋದ ತಂದೆತಾಯಿಯರೊಡನೆ ಮಾತನಾಡಲು, ಪಾಠ ಕೇಳಲು ಮತ್ತು ಮನರಂಜನೆಗೆ ಮೊಬೈಲೇ ಸಾಧನವಾಗಿದೆ. ಆದ್ದರಿಂದ ಬಳಕೆಯ ಅವಧಿಯ ಜೊತೆಗೆ, ಆ ಬಳಕೆಯು ನಿದ್ರೆ, ಓದು, ಆಟ ಇವುಗಳಲ್ಲಿ ಯಾವುದನ್ನು ಕಸಿಯುತ್ತದೆ ಎಂಬುದೂ ಮುಖ್ಯವಾಗುತ್ತದೆ.

ಹಿನ್ನೆಲೆ

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮೊಬೈಲ್ ಕಲಿಕೆಯ ಸಾಧನವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ 'ವಿದ್ಯಾಗಮ' ಯೋಜನೆಯಲ್ಲಿ ಮಕ್ಕಳನ್ನು ಮೊಬೈಲ್ ಇಲ್ಲದವರು, ಸಾಮಾನ್ಯ ಮೊಬೈಲ್ ಇರುವವರು ಮತ್ತು ಸ್ಮಾರ್ಟ್‌ಫೋನ್ ಇರುವವರು ಎಂದು ಗುರುತಿಸಲಾಗಿತ್ತು. ಶಿಕ್ಷಕರು ಊರೂರಿಗೆ ತೆರಳಿ ಪಾಠ ಮಾಡಿದರು. ಶಾಲೆಗಳು ಮರಳಿ ತೆರೆದ ನಂತರವೂ ಮೊಬೈಲ್ ಮಕ್ಕಳ ಕೈಯಲ್ಲಿ ಉಳಿಯಿತು.

ಬಳಕೆಯ ಪ್ರಮಾಣ

ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಯನ್ನು ಕುರಿತ 'ಅಸರ್' 2024ರ ವರದಿಯಂತೆ, 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಗೆ ಹಿಂದಿನ ವಾರದಲ್ಲಿ ಶೇ. 57ರಷ್ಟು ಮಕ್ಕಳು ಅದನ್ನು ಕಲಿಕೆಗೆ ಬಳಸಿದ್ದರೆ, ಸುಮಾರು ಶೇ. 76ರಷ್ಟು ಮಕ್ಕಳು ಸಾಮಾಜಿಕ ಜಾಲತಾಣಕ್ಕೆ ಬಳಸಿದ್ದರು. ಬಳಸಬಲ್ಲವರಲ್ಲಿ ಸ್ವಂತ ಫೋನ್ ಹೊಂದಿದ್ದವರು ಹುಡುಗರಲ್ಲಿ ಶೇ. 36.2, ಹುಡುಗಿಯರಲ್ಲಿ ಶೇ. 26.9.

ಪರಿಣಾಮಗಳು

ನಿದ್ರೆ: 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ತಡರಾತ್ರಿಯ ಬಳಕೆ, ಪರದೆಯ ಬೆಳಕು ಮತ್ತು ಸಂದೇಶದ ಸದ್ದು ಇದಕ್ಕೆ ಭಂಗ ತರುತ್ತವೆ. ನಿದ್ರೆಗೆಟ್ಟವರಿಗೆ ತರಗತಿಯಲ್ಲಿ ಗಮನ ನಿಲ್ಲುವುದು ಕಷ್ಟ.

ಮನಸ್ಸು: ಈ ವಯಸ್ಸಿನಲ್ಲಿ ಮೆಚ್ಚುಗೆಯನ್ನು ಬಯಸುವ ಪ್ರವೃತ್ತಿ ಪ್ರಬಲವಾಗಿದ್ದು, ಸಂಯಮಕ್ಕೆ ಸಂಬಂಧಿಸಿದ ಮೆದುಳಿನ ಮುಂಭಾಗ ಇನ್ನೂ ಬೆಳೆಯುತ್ತಿರುತ್ತದೆ. ಕೊನೆಯಿಲ್ಲದೆ ಸಾಗುವ ರೀಲ್ಸ್ ಮತ್ತು ಲೈಕ್‌ಗಳ ಎಣಿಕೆ ಈ ಸ್ವಭಾವವನ್ನೇ ಬಳಸಿಕೊಳ್ಳುತ್ತವೆ. ಅತಿಯಾದ ಬಳಕೆಗೂ ಆತಂಕ, ಖಿನ್ನತೆಗಳಿಗೂ ನಂಟು ಕಂಡುಬಂದಿದೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ.

ಸುರಕ್ಷತೆ: ನಿಂದನೆ, ಬೆದರಿಕೆ, ಭಾವಚಿತ್ರಗಳ ದುರ್ಬಳಕೆ ಮತ್ತು ಹಣದ ವಂಚನೆ ಇಲ್ಲಿನ ಅಪಾಯಗಳು. ಮನೆಯವರು ಫೋನ್ ಕಸಿದುಕೊಳ್ಳುವರು ಅಥವಾ ಶಾಲೆ ಬಿಡಿಸುವರು ಎಂಬ ಭಯವಿದ್ದಲ್ಲಿ ಹುಡುಗಿಯರು ಇಂತಹ ತೊಂದರೆಯನ್ನು ಹೇಳಿಕೊಳ್ಳಲು ಹಿಂಜರಿಯಬಹುದು. ಆಗ ಅಪಾಯ ಮತ್ತಷ್ಟು ಹೆಚ್ಚುತ್ತದೆ.

ಪ್ರಯೋಜನಗಳು: ಪಾಠದ ವಿಡಿಯೊ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಫಲಿತಾಂಶ ಮುಂತಾದವು ಮೊಬೈಲಿನಲ್ಲಿಯೇ ದೊರೆಯುತ್ತವೆ. ಟ್ಯೂಷನ್ ಸೌಲಭ್ಯವಿಲ್ಲದ ಊರುಗಳ ಮಕ್ಕಳಿಗೆ ಇದು ದೊಡ್ಡ ಆಸರೆ.

ಚಿಕಿತ್ಸೆ ಮತ್ತು ನೆರವು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ 'ಷಟ್' ಕ್ಲಿನಿಕ್ ಆರಂಭಿಸಿತು. ಹದಿಹರೆಯದವರೊಂದಿಗೆ ಪೋಷಕರಿಗೂ ಅಲ್ಲಿ ಆಪ್ತಸಮಾಲೋಚನೆ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ವ್ಯಸನ ಸೇರಿದೆ. ಸಾಮಾಜಿಕ ಜಾಲತಾಣದ ವ್ಯಸನಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ದೂರದ ಊರಿನವರು ಮಾನಸಿಕ ನೆರವಿಗೆ 'ಟೆಲಿ-ಮಾನಸ್' ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ವಂಚನೆ ಕುರಿತು 1930ಕ್ಕೆ ಕರೆ ಮಾಡಬಹುದು.

ಊಟದ ವೇಳೆ ಮತ್ತು ಮಲಗುವ ಮುನ್ನ ಮನೆಯವರೆಲ್ಲರೂ ಫೋನ್ ದೂರವಿಡುವುದು, ರಾತ್ರಿ ಅದನ್ನು ಮಲಗುವ ಕೋಣೆಯ ಹೊರಗೆ ಇರಿಸುವುದು ಸರಳ ಕ್ರಮಗಳಾಗಿವೆ. ಹಿರಿಯರು ಪಾಲಿಸದ ನಿಯಮವನ್ನು ಮಕ್ಕಳು ಪಾಲಿಸುವುದು ವಿರಳ.

ಕಾನೂನು

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ವರ್ಷದೊಳಗಿನವರ ದತ್ತಾಂಶ ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಅಗತ್ಯ. ಆಸ್ಟ್ರೇಲಿಯಾವು 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆಯುವ ಕಾನೂನನ್ನು 2024ರಲ್ಲಿ ಅಂಗೀಕರಿಸಿತು. ಅದು 2025ರ ಡಿಸೆಂಬರ್ 10ರಂದು ಜಾರಿಗೆ ಬಂದಿತು.