ಆ ರಾಕ್ಷಸರು ನೆಂಟರೇ ಆಗಿದ್ದರು

ಮೊನ್ನೆ ಧಾರವಾಡದಿಂದ ನಮ್ಮ ಮುಂಬೈ ಮನೆಗೆ ದೊಡ್ಡಪ್ಪ ಬಂದಿದ್ದರು. "ಬಾ ಇಲ್ಲಿ, ತಿಂದ್‌ಬಿಡ್ತೀನಿ ನೋಡ್" ಅಂತ ಗಲ್ಲ ಹಿಂಡಿದ್ದೇ ತಡ, ನಾಲ್ಕು ವರ್ಷದ ನನ್ನ ಮಗಳು ಮಂಚದ ಕೆಳಗೆ ಸೇರಿಕೊಂಡಳು. ನನಗೆ ಮಾರಿಸ್ ಸೆಂಡಾಕ್ ನೆನಪಾದರು.

ಸೆಂಡಾಕ್ 1928ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಅಪ್ಪ-ಅಮ್ಮ ಪೋಲೆಂಡಿನಿಂದ ಬಂದ ಯಹೂದಿಗಳು. ಭಾನುವಾರ ಊಟಕ್ಕೆ ಬರೋ ನೆಂಟರು ಗಲ್ಲ ಹಿಂಡಿ, "ತಿಂದೇಬಿಡ್ತೀವಿ" ಅಂತ ಮುದ್ದು ಮಾಡ್ತಿದ್ದರು. ಅವರ ದೊಡ್ಡ ಹಲ್ಲು ಕಂಡರೇ ಹುಡುಗನಿಗೆ ಹೆದರಿಕೆ.

ಮುಂದೆ ಅವರು ಕಾಡುಕುದುರೆಗಳ ಬಗ್ಗೆ ಚಿತ್ರಪುಸ್ತಕ ಮಾಡಲು ಹೊರಟರು. ಆದರೆ ಕುದುರೆ ಬಿಡಿಸೋಕೆ ಬರ್ತಿರಲಿಲ್ಲ! ಬದಲಿಗೆ ಆ ನೆಂಟರನ್ನೇ ರಾಕ್ಷಸರಾಗಿ ಬಿಡಿಸಿದರು. 1963ರಲ್ಲಿ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಬಂತು. ತುಂಟತನ ಮಾಡಿ, ಊಟವಿಲ್ಲದೆ ಕೋಣೆ ಸೇರಿದ ಮ್ಯಾಕ್ಸ್ ದೋಣಿಯಲ್ಲಿ ಹೋಗ್ತಾನೆ. ರಾಕ್ಷಸರನ್ನ ಕಣ್ಣು ಮಿಟುಕಿಸದೆ ದಿಟ್ಟಿಸಿ, ಅವರ ರಾಜನೇ ಆಗ್ತಾನೆ. ಪುಟ ತಿರುವಿದಂತೆ ಚಿತ್ರ ದೊಡ್ಡದಾಗುತ್ತಾ ಹೋಗಿ, ಆರು ಪುಟಗಳಲ್ಲಿ ಒಂದಕ್ಷರವೂ ಇಲ್ಲ.

ಮರುವರ್ಷ ಕಾಲ್ಡೆಕಾಟ್ ಪದಕ ಸಿಕ್ಕಿತು. ಆದರೂ 1969ರಲ್ಲಿ ಮನಶ್ಶಾಸ್ತ್ರಜ್ಞ ಬ್ರೂನೋ ಬೆಟೆಲ್‌ಹೈಮ್, ಪುಸ್ತಕ ಓದದೆಯೇ, ಊಟವಿಲ್ಲದೆ ಮಲಗಿಸೋದು ಮಗುವಿಗೆ ಎಂಥಾ ಭಯ ಅಂತ ಆಕ್ಷೇಪಿಸಿದರು. ಮ್ಯಾಕ್ಸ್ ವಾಪಸ್ ಬಂದಾಗ ಕೋಣೆಯಲ್ಲಿ ಬಿಸಿ ಊಟ ಕಾದಿರುತ್ತೆ. ಕಥೆ ಮುಗಿಯೋದೇ ಅಲ್ಲಿ.

ಆ ರಾತ್ರಿ ಪುಸ್ತಕವನ್ನ ದೊಡ್ಡಪ್ಪನ ಕೈಗೇ ಕೊಟ್ಟೆ. ಇಂಗ್ಲಿಷ್ ಬಾರದ ಅವರು ಚಿತ್ರ ನೋಡುತ್ತಾ ತಮ್ಮ ಕನ್ನಡದಲ್ಲೇ ಕಥೆ ಕಟ್ಟಿದರು. ಮಗಳು ಮೆಲ್ಲಗೆ ಹತ್ತಿರ ಬಂದು ಒಬ್ಬ ರಾಕ್ಷಸನ ಮೇಲೆ ಬೆರಳಿಟ್ಟು ಕೇಳಿದಳು: "ಅಜ್ಜಾ, ಇದು ನೀನಾ?"